ಮಳೆಗಾಲದಲ್ಲಿ ಒಬ್ಬರೇ ಬೈಕಿನಲ್ಲಿ ಕರಾವಳಿಗೆ: ಯಾವ ಘಾಟಿ, ಯಾವ ರೇನ್‌ಕೋಟು, ಎಲ್ಲಿ ನಿಲ್ಲಬೇಕು

ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿಲೋಮೀಟರ್. ಬೇಸಿಗೆಯಲ್ಲಿ ಏಳು ತಾಸು ಸಾಕಾಗುವ ಈ ದಾರಿಗೆ ಜುಲೈನಲ್ಲಿ ಹತ್ತು ತಾಸು ಇಟ್ಟುಕೊಳ್ಳಬೇಕು, ಜೊತೆಗೆ ನಡುವೆ ಒಂದು ರಾತ್ರಿ ಉಳಿಯಲು ಬೇಕಾಗುವಷ್ಟು ದುಡ್ಡನ್ನೂ. ಘಟ್ಟ ಇಳಿಯಲು ದಾರಿಗಳು ಹಲವಿವೆ, ಸಾಮಾನಿನ ಆಯ್ಕೆಯೂ ಬೇಕಾದಷ್ಟಿದೆ. ಒಬ್ಬರೇ ಹೋಗುವವರು ಇವನ್ನೆಲ್ಲ ಅಳೆಯಬೇಕಾದದ್ದು ಒಂದೇ ಪ್ರಶ್ನೆಯಿಂದ: ಬೈಕು ಕೈಕೊಟ್ಟರೆ ಅಥವಾ ನೀವೇ ಬಿದ್ದರೆ, ಇನ್ನೊಬ್ಬ ಮನುಷ್ಯ ಎಷ್ಟು ಹೊತ್ತಿಗೆ ಅಲ್ಲಿಗೆ ಬರುತ್ತಾನೆ? ಗುಂಪಿನಲ್ಲಿ ಹೋಗುವವರಿಗೆ ಒಳ್ಳೆಯದಾದ ದಾರಿ ಒಂಟಿ ಸವಾರರಿಗೆ ಒಳ್ಳೆಯದಾಗದೆ ಇರುವುದು ಈ ಕಾರಣಕ್ಕೆ.

ಘಾಟಿಗಳು

ಶಿರಾಡಿಯನ್ನು ಬೈಕಿನವರು ಇಷ್ಟಪಡುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಸಕಲೇಶಪುರ ದಾಟಿ ದೋಣಿಗಾಲ್, ಮಾರನಹಳ್ಳಿ ಕಳೆದು ಗುಂಡ್ಯಕ್ಕೆ ಇಳಿಯುವವರೆಗೆ ಮಂಗಳೂರು ಬಂದರಿನ ಟ್ಯಾಂಕರು, ಕಂಟೇನರುಗಳ ಸಾಲೇ ಇರುತ್ತದೆ. ನೋಡಲು ಕೆಂಪುಹೊಳೆ ಬಿಟ್ಟರೆ ಹೆಚ್ಚಿಲ್ಲ, ಹೊಗೆ ಬೇರೆ. ಹಾಗಿದ್ದರೂ ಜೂನ್, ಜುಲೈ ಮೊದಲ ಭಾಗದಲ್ಲಿ ಒಬ್ಬರೇ ಹೋಗುವವರಿಗೆ ನಮ್ಮ ಮೊದಲ ಆಯ್ಕೆ ಇದೇ. ರಸ್ತೆ ಅಗಲ, ತಿರುವುಗಳು ದೊಡ್ಡವು, ಎರಡು ನಿಮಿಷಕ್ಕೊಂದು ವಾಹನ ಬರುತ್ತದೆ. ಬಿದ್ದವರನ್ನು ಎತ್ತಲು ಲಾರಿಯವರು ಇಳಿದು ಬರುತ್ತಾರೆ, ಪಂಕ್ಚರ್ ಹಾಕುವವರೂ ಘಟ್ಟದ ಎರಡು ತುದಿಯಲ್ಲಿ ಸಿಗುತ್ತಾರೆ. ಅಪಾಯ ಇರುವುದು ಲಾರಿಗಳ ನಡುವೆ ತೂರಿಕೊಂಡು ಹೋಗುವುದರಲ್ಲಿ. ಇಳಿಜಾರಿನಲ್ಲಿ ಲೋಡು ತುಂಬಿದ ಲಾರಿ ನಡೆಯುವ ವೇಗದಲ್ಲಿ ತೆವಳುತ್ತಿದ್ದರೆ, ಅದರ ಹಿಂದೆ ಎರಡನೇ ಗೇರಿನಲ್ಲಿ ಇಪ್ಪತ್ತು ನಿಮಿಷ ಹೋಗುವುದು ಸಮಯ ಹಾಳು ಮಾಡಿದ್ದಲ್ಲ.

ಸಂಪಾಜೆ ಎರಡನೆಯದು. ಹೆದ್ದಾರಿ 275ರಲ್ಲಿ ಮಡಿಕೇರಿಯಿಂದ ಸಂಪಾಜೆ, ಸುಳ್ಯ, ಪುತ್ತೂರು ಹಾದು ಮಾಣಿಯಲ್ಲಿ 75ನ್ನು ಸೇರುತ್ತದೆ. ದಾರಿಯುದ್ದಕ್ಕೂ ಮನೆ, ತೋಟ, ಅಂಗಡಿ. ಕೆಎಸ್‌ಆರ್‌ಟಿಸಿ ಬಸ್ಸು ಸದಾ ಓಡಾಡುತ್ತವೆ. ಲಾರಿ ಕಡಿಮೆ, ತಿರುವು ಹೆಚ್ಚು. ತೊಡಕು ಇರುವುದು ಬೆಂಗಳೂರು ಕಡೆಯಲ್ಲಿ: ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು, ಜೋರು ಮಳೆಗೆ ಅಂಡರ್‌ಪಾಸುಗಳಲ್ಲಿ ನೀರು ನಿಲ್ಲುವುದು ಅಲ್ಲೇ. ಮೈಸೂರು ಸೀಮೆಯಿಂದ ಹೊರಡುವವರಿಗೆ ಮಾತ್ರ ಸಂಪಾಜೆ ಶಿರಾಡಿಗಿಂತ ಮೇಲು.

ಚಾರ್ಮಾಡಿ ಮಳೆಗಾಲದಲ್ಲಿ ಕಣ್ಣಿಗೆ ಹಬ್ಬ, ಸವಾರಿಗೆ ಪರೀಕ್ಷೆ. ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರದಿಂದ ಇಳಿಯುವ ಹೆದ್ದಾರಿ 73 ಇದು. ಹನ್ನೊಂದು ಹೇರ್‌ಪಿನ್ ತಿರುವು, ಕಿರಿದಾದ ರಸ್ತೆ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. ಬೆಳಿಗ್ಗೆ ಹತ್ತರವರೆಗೂ ಮಂಜು ಹತ್ತಿಪ್ಪತ್ತು ಮೀಟರ್ ದಾಟಿ ಏನನ್ನೂ ತೋರಿಸದ ದಿನಗಳಿರುತ್ತವೆ. ಇದರ ಮೇಲೆ ಇನ್ನೊಂದು: ಜಲಪಾತದ ಬಳಿ ತಿರುವಿನಲ್ಲೇ ಕಾರು ನಿಲ್ಲಿಸಿ ಫೋಟೋ ತೆಗೆಯುವ ಪ್ರವಾಸಿಗರು. ಶನಿವಾರ, ಭಾನುವಾರ ಈ ಘಾಟಿ ಬೇಡ. ವಾರದ ನಡುವೆ, ಹನ್ನೊಂದು ಗಂಟೆಯ ನಂತರ, ಶಿರಾಡಿ ಮುಚ್ಚಿದ್ದರೆ ಇದು ಸರಿ. ಹಾಸನದಲ್ಲೇ ವಿಚಾರಿಸಿಕೊಂಡರೆ ಬೇಲೂರಿನ ಕಡೆ ತಿರುಗಬಹುದು; ಸಕಲೇಶಪುರಕ್ಕೆ ಹೋದ ಮೇಲೆ ತಿಳಿದರೂ ಅಲ್ಲಿಂದ ಮೂಡಿಗೆರೆಗೆ ಒಳದಾರಿ ಇದೆ.

ಆಗುಂಬೆ ಉಡುಪಿಗೆ ಹೋಗುವವರದು, ಮಂಗಳೂರಿಗೆ ಸುತ್ತು. ತೀರ್ಥಹಳ್ಳಿಯಿಂದ ಆಗುಂಬೆ, ಅಲ್ಲಿಂದ ಹದಿನಾಲ್ಕು ಹೇರ್‌ಪಿನ್ ಇಳಿದು ಸೋಮೇಶ್ವರ, ಹೆಬ್ರಿ. ತಿರುವು ಎಷ್ಟು ಬಿಗಿ ಎಂದರೆ ಘಟ್ಟ ಇಳಿಯುವ ಬಸ್ಸುಗಳೂ ಮಿನಿ ಬಸ್ಸುಗಳೇ, ಭಾರಿ ವಾಹನಗಳಿಗೆ ನಿರ್ಬಂಧವಿದೆ. ಲಾರಿ ಇಲ್ಲವೆಂಬುದು ದೊಡ್ಡ ನೆಮ್ಮದಿ. ಆದರೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ನಷ್ಟು ಮಳೆ ಬೀಳುವ ಊರು. ಕೊಳೆತ ಎಲೆ ರಸ್ತೆಯ ಅಂಚಿಗೆ ಪದರವಾಗಿ ಅಂಟಿರುತ್ತದೆ, ತಿರುವಿನ ಒಳಬದಿಯಲ್ಲಿ ಪಾಚಿ. ತಿರುವನ್ನು ಅಗಲವಾಗಿ ತೆಗೆದುಕೊಂಡು, ರಸ್ತೆಯ ಅಂಚಿಗಿಂತ ಒಂದು ಮೀಟರ್ ಒಳಗೇ ಇರಿ.

ಸುಬ್ರಹ್ಮಣ್ಯದ ಕಡೆಗೆ ಇಳಿಯುವ ಬಿಸಿಲೆ ಘಾಟಿಯನ್ನು ಮಳೆಗಾಲದಲ್ಲಿ ಒಬ್ಬರೇ ಇಳಿಯಬೇಡಿ. ರಸ್ತೆ ಚೆನ್ನಾಗಿದ್ದರೂ ಅಷ್ಟೇ. ಆನೆಯ ಓಡಾಟ, ಸಿಗ್ನಲ್ ಇಲ್ಲದ ಉದ್ದನೆಯ ಕಾಡು, ಗಂಟೆಗಟ್ಟಲೆ ಯಾರೂ ಬಾರದ ದಿನಗಳು. ಮೇಲೆ ಕೇಳಿದ ಪ್ರಶ್ನೆಗೆ ಇಲ್ಲಿ ಸಿಗುವ ಉತ್ತರ ಒಳ್ಳೆಯದಲ್ಲ.

ರೋಹಿಣಿಯಲ್ಲಿ ರಸ್ತೆ ಜಾರುತ್ತದೆ, ಆಶ್ಲೇಷದಲ್ಲಿ ಗುಡ್ಡ ಜಾರುತ್ತದೆ

ಮಳೆ ಎಷ್ಟು ಜೋರು ಎಂಬುದಷ್ಟೇ ಲೆಕ್ಕವಲ್ಲ, ಮಳೆ ಶುರುವಾಗಿ ಎಷ್ಟು ದಿನವಾಯಿತು ಎಂಬುದೂ ಲೆಕ್ಕ. ಜೂನ್ ಮೊದಲ ವಾರದಲ್ಲಿ ಬೇಸಿಗೆಯಿಡೀ ಕೂತ ಎಣ್ಣೆ, ಟೈರಿನ ಪುಡಿ, ಧೂಳು ನೀರಿನೊಂದಿಗೆ ಸೇರಿ ಡಾಂಬರಿನ ಮೇಲೆ ಸಾಬೂನಿನಂತಾಗುತ್ತದೆ. ಮಳೆ ಶುರುವಾದ ಮೊದಲ ಅರ್ಧ ಗಂಟೆ ಅತಿ ಕೆಟ್ಟದ್ದು; ಆ ಅರ್ಧ ಗಂಟೆ ಕಾಫಿ ಕುಡಿಯುತ್ತಾ ಕೂತರೆ ಉಳಿದದ್ದನ್ನು ಮಳೆಯೇ ತೊಳೆದಿರುತ್ತದೆ. ಜುಲೈ ಕೊನೆಗೆ ಬಂದರೆ ರಸ್ತೆ ಸ್ವಚ್ಛ, ಆದರೆ ಆರೇಳು ವಾರ ನೀರು ಕುಡಿದ ಗುಡ್ಡ ಭಾರವಾಗಿರುತ್ತದೆ. ಮಣ್ಣಿನ ಕಣಗಳ ನಡುವೆ ನೀರು ತುಂಬಿ, ಕಣಕ್ಕೆ ಕಣ ಹಿಡಿದಿದ್ದ ಬಿಗಿ ಸಡಿಲುತ್ತದೆ. ರಸ್ತೆ ಅಗಲ ಮಾಡಲು ಬುಡ ಕಡಿದ ಗುಡ್ಡ ಮೊದಲು ಕೂರುತ್ತದೆ. ಮಡಿಕೇರಿ ಸುತ್ತ ಜೋಡುಪಾಲ, ಮದೆನಾಡು ಕಡೆ ಕುಸಿದದ್ದು 2018ರ ಆಗಸ್ಟ್ ನಡುವಿನಲ್ಲಿ. ಚಾರ್ಮಾಡಿ ಕುಸಿದದ್ದು 2019ರ ಆಗಸ್ಟ್‌ನಲ್ಲಿ. ಶಿರಾಡಿಯಲ್ಲಿ ಗುಡ್ಡ ರಸ್ತೆಗೆ ಬಂದದ್ದು 2024ರ ಜುಲೈ ಕೊನೆಗೆ. ಪುಷ್ಯ, ಆಶ್ಲೇಷ ಮಳೆಯ ಹೊತ್ತು ಎಂದರೆ ಇದೇ. ಹೀಗಾಗಿ ಜುಲೈ 20ರಿಂದ ಆಗಸ್ಟ್ 20ರವರೆಗೆ ಯಾವ ಘಾಟಿ ಒಳ್ಳೆಯದು ಎಂದು ಕೇಳುವ ಮೊದಲು ಹಿಂದಿನ ಮೂರು ದಿನ ಅಲ್ಲಿ ಎಷ್ಟು ಮಳೆಯಾಯಿತು ಎಂದು ಕೇಳಿ.

ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿ.ಮೀ. ದಾಟಿದರೆ ಭಾರಿ, 115.6 ದಾಟಿದರೆ ಅತಿ ಭಾರಿ, 204.4 ದಾಟಿದರೆ ವಿಪರೀತ ಮಳೆ. ಹಳದಿ ಎಚ್ಚರಿಕೆ ಇದ್ದರೆ ಸಿದ್ಧವಾಗಿ ಹೋಗಬಹುದು. ಆರೆಂಜ್ ಇದ್ದರೆ ಜೂನ್‌ನಲ್ಲಿ ಶಿರಾಡಿ ಪರವಾಗಿಲ್ಲ, ಆಗಸ್ಟ್‌ನಲ್ಲಿ ಯಾವುದೂ ಬೇಡ. ದಕ್ಷಿಣ ಕನ್ನಡಕ್ಕಾಗಲಿ ಹಾಸನ, ಕೊಡಗಿಗಾಗಲಿ ರೆಡ್ ಇದ್ದರೆ ಬೈಕನ್ನು ಹಾಸನದಲ್ಲೇ ಬಿಟ್ಟು ಬಸ್ಸು ಹತ್ತುವುದು ಕೂಡ ಒಂದು ಆಯ್ಕೆ, ಅಥವಾ ಹೊರಡದೇ ಇರುವುದು. ಚನ್ನರಾಯಪಟ್ಟಣದಲ್ಲಿ ಬಿಸಿಲು ಕಂಡು ಮೋಸ ಹೋಗಬೇಡಿ. ಅರಬ್ಬಿ ಸಮುದ್ರದ ಮೋಡ ಘಟ್ಟ ಏರುವಾಗಲೇ ನೀರನ್ನೆಲ್ಲ ಸುರಿದುಬಿಡುತ್ತದೆ. ಪೂರ್ವಕ್ಕೆ ಉಳಿಯುವುದು ಸೋನೆ ಮಾತ್ರ.

ಎಲ್ಲ ಆ್ಯಪುಗಳಿಗಿಂತ ನಂಬಬಹುದಾದ ಸೂಚನೆ ಎದುರಿನಿಂದ ಬರುವ ಬಸ್ಸು. ಸಕಲೇಶಪುರದಲ್ಲಿ ಅಥವಾ ಕೊಟ್ಟಿಗೆಹಾರದಲ್ಲಿ ಹದಿನೈದು ನಿಮಿಷ ಚಹಾ ಕುಡಿಯುತ್ತಾ ನೋಡಿ. ಮಂಗಳೂರು, ಧರ್ಮಸ್ಥಳ ಕಡೆಯಿಂದ ಬಸ್ಸುಗಳು ಬರುತ್ತಿದ್ದರೆ ದಾರಿ ತೆರೆದಿದೆ. ಕೆಳಗಿನಿಂದ ಒಂದೂ ಬರದೆ ಮೇಲಿನಿಂದ ಮಾತ್ರ ಇಳಿಯುತ್ತಿದ್ದರೆ ನಡುವೆ ಏನೋ ಬಿದ್ದಿದೆ. ಅಂಗಡಿಯವರನ್ನು ಕೇಳಿ, ಅವರಿಗೆ ಮೊದಲು ಗೊತ್ತಾಗಿರುತ್ತದೆ.

ರೇನ್‌ಕೋಟು: ಒಳಗೋ, ಹೊರಗೋ

ರೈಡಿಂಗ್ ಜಾಕೆಟ್ಟಿನ ಒಳಗೆ ಹಾಕುವ ರೇನ್ ಲೈನರ್, ಜಾಕೆಟ್ಟಿನ ಮೇಲೆ ಹಾಕುವ ರೇನ್ ಸೂಟ್, ತಲೆಯಿಂದ ಹೊದೆಯುವ ಸಡಿಲ ಪೊಂಚೊ. ಮೊದಲು ಪೊಂಚೊ ಕೈಬಿಡಿ. ಗಾಳಿಗೆ ಹಿಗ್ಗಿ ಹಿಂದಕ್ಕೆ ಎಳೆಯುತ್ತದೆ, ತುದಿ ಚೈನಿಗೋ ಹಿಂದಿನ ಚಕ್ರಕ್ಕೋ ಸಿಕ್ಕರೆ ಸವಾರನನ್ನೇ ಉರುಳಿಸುತ್ತದೆ. ಪೇಟೆಯೊಳಗಿನ ಎರಡು ಕಿಲೋಮೀಟರಿಗೂ ಅದು ಬೇಡ.

ಲೈನರ್ ಜಾಕೆಟ್ಟಿನೊಂದಿಗೇ ಬರುತ್ತದೆ, ಹೀಗಾಗಿ ಅದೇ ಸಾಕೆಂದು ಅನ್ನಿಸುತ್ತದೆ. ಒಂದು ಗಂಟೆಯ ಮಳೆಗೆ ಸಾಕು. ನಾಲ್ಕು ಗಂಟೆಯ ಜಡಿಮಳೆಗೆ ಸಾಲದು, ಏಕೆಂದರೆ ಹೊರಗಿನ ಜಾಕೆಟ್ಟು ನೀರು ಹೀರಿ ಒಂದೆರಡು ಕಿಲೋ ಭಾರವಾಗುತ್ತದೆ, ಜೇಬಿನಲ್ಲಿ ಇದ್ದದ್ದೆಲ್ಲ ತೊಯ್ಯುತ್ತದೆ. ಅದಕ್ಕಿಂತ ಮುಖ್ಯ ಚಳಿ. ಬಟ್ಟೆಯಲ್ಲಿನ ನೀರು ಗಾಳಿಗೆ ಆವಿಯಾಗುವಾಗ ಮೈಯ ಶಾಖವನ್ನೇ ಎಳೆದುಕೊಳ್ಳುತ್ತದೆ. ಲೈನರ್ ನೀರನ್ನು ತಡೆದರೂ ತಣ್ಣಗಾದ ಜಾಕೆಟ್ಟು ಎದೆಗೆ ಅಂಟಿಕೊಂಡೇ ಇರುತ್ತದೆ. ಮಲೆನಾಡಿನ 18 ಡಿಗ್ರಿಯಲ್ಲಿ 60ರ ವೇಗದಲ್ಲಿ ಹೋದರೆ ಒಂದೂವರೆ ತಾಸಿಗೆ ಬೆರಳು ಮರಗಟ್ಟುತ್ತದೆ. ಬೆರಳು ಮರಗಟ್ಟಿದ ಮೇಲೆ ಬ್ರೇಕ್ ಲಿವರ್ ಎಷ್ಟು ಒತ್ತಿದೆ ಎಂಬ ಅಂದಾಜು ಸಿಗುವುದಿಲ್ಲ. ಘಟ್ಟದಲ್ಲಿ ಜಾರಿ ಬೀಳುವುದಕ್ಕೆ ಟೈರು ಮಾತ್ರ ಕಾರಣವಲ್ಲ, ಚಳಿಯೂ ಕಾರಣ.

ಆದ್ದರಿಂದ ಮೇಲೆ ಹಾಕುವ ಎರಡು ತುಂಡಿನ ಸೂಟೇ ಆಗಲಿ. ಕೊಳ್ಳುವಾಗ ಮೂರು ಕಡೆ ನೋಡಿ. ಒಂದು, ಹೊಲಿಗೆಯ ಒಳಭಾಗದಲ್ಲಿ ಉದ್ದಕ್ಕೂ ಟೇಪ್ ಅಂಟಿಸಿರಬೇಕು. ಟೇಪ್ ಇಲ್ಲದ ಹೊಲಿಗೆಯ ಪ್ರತಿ ಸೂಜಿತೂತೂ ಸೋರುತ್ತದೆ. ಎರಡು, ಪ್ಯಾಂಟಿನ ಕವಲು. ಟ್ಯಾಂಕಿನಿಂದ ಇಳಿದ ನೀರು ಸೀಟಿನ ಮುಂಭಾಗದಲ್ಲಿ ನಿಂತು, ಕೂತವರ ಭಾರಕ್ಕೆ ಅಲ್ಲಿಂದಲೇ ಒಳನುಗ್ಗುತ್ತದೆ. ಎಲ್ಲ ಪ್ಯಾಂಟುಗಳೂ ಮೊದಲು ಸೋರುವುದು ಇಲ್ಲೇ, ಆ ಜಾಗದಲ್ಲಿ ನಾಲ್ಕು ಹೊಲಿಗೆ ಕೂಡದೆ ಒಂದೇ ತುಂಡು ಬಟ್ಟೆ ಇರುವುದನ್ನು ಹುಡುಕಿ. ಮೂರು, ಅಳತೆ: ಜಾಕೆಟ್ಟು, ಬೂಟು ಹಾಕಿಕೊಂಡೇ ಅಂಗಡಿಗೆ ಹೋಗಿ, ಬೈಕಿನ ಮೇಲೆ ಕೂತು ನೋಡಿ. ನಿಂತಾಗ ಸರಿಯಾಗಿ ಕಾಣುವ ಪ್ಯಾಂಟು ಕೂತಾಗ ಬೂಟಿನ ಮೇಲಕ್ಕೆ ಸರಿಯುತ್ತದೆ. ಬಣ್ಣ ಕಪ್ಪು ಬೇಡ. ಮಂಜಿನೊಳಗೆ ಹಿಂದಿನ ಲಾರಿಯವನಿಗೆ ಕಾಣುವುದು ಗಿಣಿಹಸಿರು ಅಥವಾ ಕಿತ್ತಳೆ, ಅದೂ ಬೆನ್ನ ಮೇಲೆ ರಿಫ್ಲೆಕ್ಟರ್ ಪಟ್ಟಿ ಇದ್ದರೆ.

ಒಳಗೆ ಹತ್ತಿ ಬನಿಯನ್, ಜೀನ್ಸ್ ಬೇಡ, ಒದ್ದೆಯಾದರೆ ದಿನವಿಡೀ ಆರುವುದಿಲ್ಲ. ಕ್ರೀಡೆಯ ಪಾಲಿಯೆಸ್ಟರ್ ಬಟ್ಟೆ ಸಾಕು.

ಕೈಗವಸಿನಲ್ಲಿ ದುಬಾರಿಯದಕ್ಕೆ ಹೋಗಲೇಬೇಕೆಂದಿಲ್ಲ. ನೀರು ತಡೆಯುವ ಕೈಗವಸು ದಪ್ಪ, ಒಮ್ಮೆ ಒಳಪದರ ಒದ್ದೆಯಾಯಿತೆಂದರೆ ಬೆರಳು ಮತ್ತೆ ಒಳಗೆ ಹೋಗುವುದಿಲ್ಲ. ಮಾಮೂಲಿ ಕೈಗವಸಿನ ಒಳಗೆ ಆಸ್ಪತ್ರೆಯ ನೈಟ್ರೈಲ್ ಗ್ಲೌಸು ಹಾಕಿದರೆ ಕೈ ಬೆವರುತ್ತದೆ, ಆದರೆ ಬೆಚ್ಚಗಿರುತ್ತದೆ, ಲಿವರಿನ ಸ್ಪರ್ಶವೂ ಉಳಿಯುತ್ತದೆ. ಐದಾರು ಜೊತೆ ಇಟ್ಟುಕೊಳ್ಳಿ, ನಿಂತಾಗಲೆಲ್ಲ ಬದಲಿಸಿ. ಕೈಗವಸಿನ ಪಟ್ಟಿ ರೇನ್‌ಕೋಟಿನ ತೋಳಿನ ಒಳಗಿರಬೇಕು. ಹೊರಗಿದ್ದರೆ ತೋಳಿನ ಮೇಲಿಂದ ಹರಿದ ನೀರು ಬಟ್ಟಲಿಗೆ ಬಿದ್ದ ಹಾಗೆ ಕೈಗವಸಿಗೆ ತುಂಬುತ್ತದೆ.

ಕಾಲಿಗೆ? ಮಲೆನಾಡಿನ ತೋಟದ ಗಂಬೂಟು ನೀರನ್ನು ಖಂಡಿತ ತಡೆಯುತ್ತದೆ, ಕಣಕಾಲನ್ನು ಕಾಯುವುದಿಲ್ಲ, ಬಿದ್ದಾಗ ಕಳಚಿ ಹೋಗುತ್ತದೆ. ಶೂ ಕವರ್ ಗೇರ್ ಲಿವರಿನ ಜಾಗದಲ್ಲಿ ಹರಿಯುತ್ತದೆ, ಅದರ ಅಡಿ ಒದ್ದೆ ಕಾಂಕ್ರೀಟಿನ ಮೇಲೆ ಜಾರುತ್ತದೆ. ಕಾಲೂರಿದ ಕೂಡಲೇ ಬೈಕಿನೊಂದಿಗೆ ಬೀಳುವುದು ಹೀಗೆ. ಎತ್ತರದ ವಾಟರ್‌ಪ್ರೂಫ್ ಬೂಟು ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಗಟ್ಟಿ ಬೂಟಿನ ಒಳಗೆ ಕಾಲುಚೀಲದ ಮೇಲೆ ಪ್ಲಾಸ್ಟಿಕ್ ಚೀಲ. ಪ್ಯಾಂಟು ಬೂಟಿನ ಹೊರಗಿರಲಿ. ಹುಲ್ಲಿನಲ್ಲಿ ಕಾಲಿಟ್ಟು ನಿಂತರೆ ಉಂಬಳ (ಜಿಗಣೆ) ಹತ್ತುತ್ತವೆ; ಒಂದು ಪೊಟ್ಟಣ ಉಪ್ಪು ಮೇಲಿನ ಜೇಬಿನಲ್ಲಿರಲಿ.

ಹೆಲ್ಮೆಟ್ಟಿನ ಗಾಜು

ಮಂಜು ಹೊರಗಿನದು ಎಂದುಕೊಳ್ಳುವುದರಲ್ಲಿ ಅರ್ಧ ನಿಮ್ಮ ಉಸಿರೇ ಆಗಿರುತ್ತದೆ. ಪಿನ್‌ಲಾಕ್ ಎಂಬ ಎರಡನೇ ಪದರವನ್ನು ವೈಸರಿನ ಒಳಗೆ ಕೂರಿಸಿದರೆ ನಡುವಿನ ಗಾಳಿ ತಣ್ಣನೆಯ ಹೊರಗಾಜನ್ನೂ ಬೆಚ್ಚನೆಯ ಉಸಿರನ್ನೂ ದೂರ ಇಡುತ್ತದೆ. ವೈಸರಿನಲ್ಲಿ ಎರಡು ಮೊಳೆಯಂಥ ಪಿನ್ ಇದ್ದರೆ ಮಾತ್ರ ಅದು ಕೂರುತ್ತದೆ. ಹೆಲ್ಮೆಟ್ ಕೊಳ್ಳುವಾಗಲೇ ನೋಡಿ. ಇಲ್ಲದವರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಇದೆ: ಒಣ ಗಾಜಿನ ಒಳಬದಿಗೆ ಒಂದೇ ಹನಿ, ನೀರು ಸೇರಿಸದೆ ಮೆತ್ತನೆಯ ಬಟ್ಟೆಯಿಂದ ಕಾಣದಂತಾಗುವವರೆಗೆ ಒರೆಸಿ. ಎರಡು ಮೂರು ತಾಸು ಇರುತ್ತದೆ. ಗೀರು ಬಿದ್ದ ವೈಸರಿಗೆ ಯಾವ ಮದ್ದೂ ಇಲ್ಲ. ಎದುರಿನ ಲೈಟು ಪ್ರತಿ ಗೀರಿನಲ್ಲೂ ಒಡೆದು ಕಣ್ಣಿಗೆ ರಾಚುತ್ತದೆ. ಹೊರಡುವ ಮೊದಲು ಹೊಸದು ಹಾಕಿಸಿ. ಬಣ್ಣದ ವೈಸರು ಬೇಡ.

ಬೈಕು

ಯಾವ ಬೈಕು ಎಂಬ ವಾದದಲ್ಲಿ ಸಿಸಿಯ ಮಾತೇ ಹೆಚ್ಚು. ಒಂಟಿ ಸವಾರರು ತೂಕ ನೋಡಬೇಕು. ಸ್ಪ್ಲೆಂಡರ್ 112 ಕಿಲೋ, ಕ್ಲಾಸಿಕ್ 350 ಆದರೆ 195. ಕೆಸರಿನಲ್ಲಿ ಮಲಗಿದ 195 ಕಿಲೋವನ್ನು ಲಗೇಜು ಬಿಚ್ಚದೆ ಒಬ್ಬರೇ ಎತ್ತಲು ಆಗದು. ಎಂಜಿನ್ ಆಫ್ ಮಾಡಿ, ಗೇರಿನಲ್ಲಿಡಿ. ಬಲಕ್ಕೆ ಬಿದ್ದಿದ್ದರೆ ಮೊದಲೇ ಸೈಡ್ ಸ್ಟ್ಯಾಂಡ್ ಬಿಚ್ಚಿ. ಸೀಟಿಗೆ ಬೆನ್ನು ಕೊಟ್ಟು ಕುಕ್ಕರುಗಾಲಿನಲ್ಲಿ ಕೂತು, ಒಂದು ಕೈ ಹ್ಯಾಂಡಲ್ಲಿಗೆ, ಇನ್ನೊಂದು ಹಿಂದಿನ ಹಿಡಿಕೆಗೆ ಹಾಕಿ, ಸೊಂಟ ಬಗ್ಗಿಸದೆ ಕಾಲಿನ ಬಲದಿಂದ ಹಿಮ್ಮುಖವಾಗಿ ಹೆಜ್ಜೆ ಇಡುತ್ತಾ ಏಳಿ. ಹೊರಡುವ ಮುನ್ನ ಮನೆಯಂಗಳದ ಹುಲ್ಲಿನ ಮೇಲೆ ಒಮ್ಮೆ ಮಲಗಿಸಿ ಎತ್ತಿ ನೋಡಿ. ಎತ್ತಲಾಗದ ಬೈಕಿನಲ್ಲಿ ಬಿಸಿಲೆಯಂಥ ದಾರಿಗೆ ಎಂದೂ ಹೋಗಬಾರದು.

ಎಬಿಎಸ್ ಇರುವ ಬೈಕೇ ಮೇಲು. 125 ಸಿಸಿ ಮೀರಿದ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಕಡ್ಡಾಯವಾದ್ದರಿಂದ ಈಚಿನವುಗಳಲ್ಲಿ ಇದ್ದೇ ಇರುತ್ತದೆ. ಆದರೆ ಅದು ಚಕ್ರ ಜಾಮ್ ಆಗದಂತೆ ತಡೆಯುತ್ತದೆಯೇ ಹೊರತು ನಿಲ್ಲುವ ದೂರವನ್ನು ಒಣ ರಸ್ತೆಯಷ್ಟು ಮಾಡುವುದಿಲ್ಲ. 80ರಲ್ಲಿ ಸೆಕೆಂಡಿಗೆ 22 ಮೀಟರ್ ಹೋಗುತ್ತೀರಿ. 60ಕ್ಕೆ ಇಳಿಸಿದರೆ ಬ್ರೇಕ್ ಹಿಡಿದ ಮೇಲೆ ಬೇಕಾಗುವ ದೂರ ಹೆಚ್ಚುಕಡಿಮೆ ಅರ್ಧವಾಗುತ್ತದೆ, ಏಕೆಂದರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ.

ಮಳೆಗೆ ಟೈರಿನ ಗಾಳಿ ಕಡಿಮೆ ಮಾಡಬೇಕೆಂಬ ಮಾತು ತಪ್ಪು. ಕೆಸರಿನ ದಾರಿಗೆ ಸರಿಯಾದದ್ದು ಡಾಂಬರಿಗೆ ಸರಿಯಲ್ಲ. ಗಾಳಿ ಕಡಿಮೆಯಾದರೆ ಟೈರು ಚಪ್ಪಟೆಯಾಗಿ ಗೆರೆಗಳು ಮುಚ್ಚಿಕೊಳ್ಳುತ್ತವೆ, ನೀರು ಹೊರಹೋಗಲು ದಾರಿ ಸಿಗದೆ ಟೈರು ಅದರ ಮೇಲೆ ತೇಲುತ್ತದೆ. ಕಂಪನಿ ಹೇಳಿದಷ್ಟೇ ಹಾಕಿ, ತಣ್ಣಗಿದ್ದಾಗ ಅಳೆಯಿರಿ. ಗೆರೆಯ ಆಳ 2 ಮಿ.ಮೀ.ಗೆ ಬಂದಿದ್ದರೆ ಹೊಸ ಟೈರು ಹಾಕಿಸಿಯೇ ಹೊರಡಿ.

ಲಗೇಜಿಗೆ ಮೇಲೆ ಹೊದಿಸುವ ರೇನ್ ಕವರ್ ನಂಬಬೇಡಿ, ಗಾಳಿಗೆ ಅಂಚು ಎದ್ದು ಒಳಗೇ ನೀರು ತುಂಬಿಕೊಳ್ಳುತ್ತದೆ. ಬ್ಯಾಗಿನ ಒಳಗೆ ಬಟ್ಟೆಯನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ತಿರುಚಿ ಮಡಚಿ ಕಟ್ಟುವುದೇ ಭದ್ರ. ಮೊಬೈಲಿನ ಚಾರ್ಜಿಂಗ್ ರಂಧ್ರಕ್ಕೆ ತೇವ ಹೋದರೆ ದಿನವಿಡೀ ಚಾರ್ಜ್ ಆಗದು. ದಾರಿಯ ಊರುಗಳ ಹೆಸರನ್ನು ಚೀಟಿಯಲ್ಲಿ ಬರೆದು ಟ್ಯಾಂಕಿನ ಮೇಲೆ ಪ್ಲಾಸ್ಟಿಕ್ಕಿನಡಿ ಅಂಟಿಸಿ.

ಮುಂದುವರಿಯುವುದೋ, ನಿಲ್ಲುವುದೋ

ಬೆಳಿಗ್ಗೆ ಐದಕ್ಕೆ ಹೊರಟರೆ ಒಂಬತ್ತೂವರೆಗೆ ಸಕಲೇಶಪುರ, ಮಧ್ಯಾಹ್ನದೊಳಗೆ ಉಪ್ಪಿನಂಗಡಿ. ಘಾಟಿಯ ಮೇಲ್ತುದಿಗೆ ಬರುವಾಗಲೇ ಮೂರು ಗಂಟೆ ದಾಟಿದ್ದರೆ ಅಂದು ಇಳಿಯುವುದು ಬೇಡ. ಕತ್ತಲೆ, ಮಂಜು, ಮಳೆ ಮೂರೂ ಕೂಡಿದರೆ ರಸ್ತೆಯ ಗುಂಡಿ ಮತ್ತು ನೀರು ನಿಂತ ಸಮರಸ್ತೆ ಒಂದೇ ಥರ ಕಾಣುತ್ತವೆ. ಘಟ್ಟ ಇಳಿಯುವ ಮೊದಲು ಮನೆಗೆ ಒಂದು ಮೆಸೇಜು, ಇಳಿದ ಮೇಲೆ ಇನ್ನೊಂದು. ಮೂರು ತಾಸಿನಲ್ಲಿ ಎರಡನೆಯದು ಬರದಿದ್ದರೆ 112ಕ್ಕೆ ಕರೆ ಮಾಡಬೇಕೆಂದು ಮೊದಲೇ ಹೇಳಿಟ್ಟಿರಿ.

ರಸ್ತೆಯ ಮೇಲೆ ಹೊಸದಾಗಿ ಬಿದ್ದ ಸಣ್ಣ ಕಲ್ಲುಗಳು, ಗುಡ್ಡದಿಂದ ಇಳಿಯುತ್ತಿದ್ದ ತಿಳಿನೀರು ಇದ್ದಕ್ಕಿದ್ದಂತೆ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗುವುದು, ರಸ್ತೆಯ ಕಡೆಗೆ ವಾಲಿದ ಕರೆಂಟು ಕಂಬ: ಇವುಗಳಲ್ಲಿ ಯಾವುದನ್ನು ಕಂಡರೂ ಅಲ್ಲಿ ನಿಂತು ನೋಡಬೇಡಿ, ಬಂದ ದಾರಿಗೆ ಹಿಂತಿರುಗಿ. ಕಡಿದ ಗುಡ್ಡದ ಬುಡದಲ್ಲಿ ಮಳೆಗೆ ಆಸರೆ ಪಡೆಯಬೇಡಿ, ಕಣಿವೆಯ ಅಂಚಿನಲ್ಲೂ ಬೇಡ. ಅಂಗಡಿ, ಚೆಕ್‌ಪೋಸ್ಟು, ಬಸ್ ತಂಗುದಾಣದವರೆಗೆ ನಿಧಾನವಾಗಿ ಹೋಗಿ ನಿಲ್ಲಿ.

ರಸ್ತೆಯ ಮೇಲೆ ನೀರು ಅಡ್ಡ ಹರಿಯುತ್ತಿದ್ದು ಅಂಚಿನ ಬಿಳಿಗೆರೆ ಕಾಣದಿದ್ದರೆ ದಾಟಬಾರದು. ನಿಂತ ನೀರಾದರೆ ಮೊದಲು ಒಂದು ಕಾರು ಹೋಗಲಿ, ಚಕ್ರ ಎಷ್ಟು ಮುಳುಗಿತು ನೋಡಿ. ಬೈಕಿನ ಅಚ್ಚಿನ ಕೆಳಗಿದ್ದರೆ ಮೊದಲನೇ ಗೇರಿನಲ್ಲಿ ಒಂದೇ ಸಮನೆ ಎಕ್ಸಿಲರೇಟರ್ ಹಿಡಿದು ಹೋಗಿ. ನಡುವೆ ಎಂಜಿನ್ ನಿಂತರೆ ಸೆಲ್ಫ್ ಒತ್ತಬೇಡಿ. ಏರ್ ಫಿಲ್ಟರಿನಿಂದ ಸಿಲಿಂಡರಿಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ತಳ್ಳಿಕೊಂಡು ಆಚೆ ತನ್ನಿ, ಪ್ಲಗ್ ಬಿಚ್ಚಿ, ನೀರು ಹೊರಹೋದ ಮೇಲೆ ಸ್ಟಾರ್ಟ್ ಮಾಡಿ. ದಾಟಿದ ಮೇಲೆ ನೂರು ಮೀಟರ್ ಬ್ರೇಕನ್ನು ಹಗುರಾಗಿ ಒತ್ತಿಕೊಂಡೇ ಹೋದರೆ ಡಿಸ್ಕು, ಡ್ರಮ್ಮು ಒಣಗುತ್ತವೆ.

ಸಂಜೆ ತಂಗಿದ ಕಡೆ ಸ್ನಾನಕ್ಕೆ ಮೊದಲು ಚೈನಿನ ಕೆಲಸ. ಜಡಿಮಳೆಯಲ್ಲಿ 200 ಕಿ.ಮೀ. ಹೋದರೆ ಎಣ್ಣೆ ತೊಳೆದು ಹೋಗಿರುತ್ತದೆ. ಒಣ ಬಟ್ಟೆಯಿಂದ ಒರೆಸಿ, ಚೈನು ಬಿಸಿ ಇರುವಾಗಲೇ 90 ನಂಬರಿನ ಗೇರ್ ಆಯಿಲನ್ನು ಒಳಬದಿಗೆ ಹನಿಹನಿ ಬಿಡಿ. ಚಕ್ರ ತಿರುಗಿಸುವಾಗ ಎಂಜಿನ್ ಆಫ್ ಇರಲಿ. ಬೂಟಿನೊಳಗೆ ಹಳೆಯ ದಿನಪತ್ರಿಕೆ ಮುದ್ದೆ ಮಾಡಿ ತುರುಕಿ, ಮಲಗುವ ಮುನ್ನ ಒದ್ದೆಯಾದದ್ದನ್ನು ತೆಗೆದು ಹೊಸ ಕಾಗದ ತುಂಬಿ. ಬೆಳಿಗ್ಗೆಗೆ ಪೂರ್ತಿ ಆರದಿದ್ದರೂ ಕಾಲಿಡುವಷ್ಟು ಆಗಿರುತ್ತವೆ.